ನೋಡಿದವರ ಹೆಬ್ಬೆಟ್ಟು

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಗುಳಿಗೆಗಳನ್ನು ಪ್ಯಾಕ್ ಮಾಡುವ ಕಂಪನಿಯೊಂದಿದೆ. ಅದರ ಎರಡನೆಯ ಲೈನಿನ ಮೇಲ್ವಿಚಾರಕಿ ಆಮ್ರಪಾಲಿ. ಹದಿಮೂರು ವರ್ಷದಿಂದ ಅದೇ ಕೆಲಸ. ಅಲ್ಲಿ ಏನೇ ಮಾಡಿದರೂ ಹಾಳೆಯ ಮೇಲೆ ಬರೆಯಬೇಕು. ಕೆಳಗೆ 'ಮಾಡಿದವರು' ಅಂತ ಒಬ್ಬರು, 'ನೋಡಿದವರು' ಅಂತ ಇನ್ನೊಬ್ಬರು ಸಹಿ ಹಾಕಬೇಕು. ತಪ್ಪು ಬರೆದರೆ ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಬರೆಯದೆ ಉಳಿದದ್ದು ಆಗಿಯೇ ಇಲ್ಲ. ಹೊಸ ಹುಡುಗಿಯರು ಕೆಲಸಕ್ಕೆ ಬಂದ ದಿನವೇ ಈ ಮಾತನ್ನು ಅವರ ಬಾಯಿಂದ ಮೂರು ಸಲ ಹೇಳಿಸಿ ಆಮೇಲೆ ಕೈಗವಸು ಕೊಡುತ್ತಾಳೆ.

ಕಂಪನಿಯ ಪದ್ಧತಿ ಕಂಪನಿಯ ಗೇಟಿನಲ್ಲಿಯೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅವಳ ಸಂಗಡ ಶಿಫ್ಟ್ ಬಸ್ಸು ಹತ್ತಿ ಮನೆಗೂ ಬಂತು. ಗ್ಯಾಸ್ ಬಂದ್ ಮಾಡಿದ್ದು ಯಾರು, ನೋಡಿದ್ದು ಯಾರು? ಮಗಳು ಪೂನಂ ಶಾಲೆಯ ಚೀಲ ತುಂಬಿದಳು ಸರಿ, ನೋಡಿದವರು ಯಾರು? ಗಂಡ ವೈಜಿನಾಥ ಧಾನ್ಯದ ಮಾರುಕಟ್ಟೆಯಲ್ಲಿ ದಲಾಲಿಯ ಅಡತ್ ಅಂಗಡಿಯೊಂದರ ಕಾಟಾದ ಮೇಲೆ ದಿನವಿಡೀ ತೊಗರಿ ಚೀಲ ತೂಗುವವನು. ದಣಿದು ಮನೆಗೆ ಬಂದು ಚಹಾ ಕುಡಿದು, "ಕುಡದವ ನಾನು. ನೋಡ್ದಾಕಿ ನೀನು. ಆತಿಲ್ಲೊ?" ಎಂದು ಕಪ್ಪು ಮಗುಚಿ ತೋರಿಸುತ್ತಿದ್ದ.

ಇಂಥ ಹೆಂಗಸಿಗೆ ಕಥೆ ಬರೆಯುವ ಹುಚ್ಚು ಹಿಡಿಯಿತು. ಕೊಹಿನೂರ ಎಂಬ ಹಳ್ಳಿಯ ತವರಿನಲ್ಲಿದ್ದಾಗ ಬಿ.ಎ. ಮಾಡಿಕೊಂಡಿದ್ದಳು. ಅದಾಗಿ ಹದಿನೈದು ವರ್ಷದ ಮೇಲೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದ ಒಂದು ಕಾಗದ ಕಣ್ಣಿಗೆ ಬಿತ್ತು. ಸೃಜನಶೀಲ ಬರವಣಿಗೆಯಲ್ಲಿ ಎಂ.ಎ., ಮನೆಯಲ್ಲಿಯೇ ಓದು, ಭಾನುವಾರ ಮಾತ್ರ ಬಸವಕಲ್ಯಾಣದಲ್ಲಿ ತರಗತಿ. ಅವಳು ಆ ಕಾಗದದ ಫೋಟೊ ತೆಗೆದುಕೊಂಡು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಹನ್ನೆರಡನೆಯ ದಿನ ಹೇಳಿದಾಗ ವೈಜಿನಾಥ, "ಕಥಿ ಬರಿಯೋದಕ್ಕೂ ಡಿಗ್ರಿ ಕೊಡ್ತಾರ? ಹಂಗಾದ್ರ ಪಗಾರ ಕೇಳಿದ್ರ ಕಥಿ ಹೇಳೋ ನಮ್ಮ ಅಂಗಡಿ ಶೇಟ್ರಿಗೆ ಯಾವಾಗಲೋ ಕೊಡಬೇಕಾಗಿತ್ತು" ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ನಕ್ಕವನೇ ಮರುದಿನ ಹೋಗಿ ಅರ್ಜಿ ತಂದುಕೊಟ್ಟ.

ಹೀಗೆ ಶುರುವಾಯಿತು ಅವಳ ಓದು. ಬೆಳಿಗ್ಗೆ ಆರರ ಶಿಫ್ಟು. ಮಧ್ಯಾಹ್ನ ಮೂರಕ್ಕೆ ಮನೆ. ನಾಲ್ಕರಿಂದ ಐದೂವರೆ ಬರವಣಿಗೆ, ಆಮೇಲೆ ರೊಟ್ಟಿ. ಬರೆಯುವುದು ಅಡಿಗೆಮನೆಯ ಕಟ್ಟೆಯ ಮೇಲೆಯೇ. ಮೊದಲು ಕಟ್ಟೆ ಒರೆಸಬೇಕು, ಉಳ್ಳಾಗಡ್ಡಿಯ ಒಂದು ಸಿಪ್ಪೆ ಕಂಡರೂ ಪೆನ್ನು ಮುಟ್ಟುವಂತಿಲ್ಲ. ಕಂಪನಿಯಲ್ಲಿ ಹಿಂದಿನ ಬ್ಯಾಚಿನ ಗುಳಿಗೆಯ ಒಂದು ಚೂರೂ ಲೈನಿನ ಮೇಲೆ ಉಳಿಯಬಾರದಲ್ಲ! ಭಾನುವಾರ ಅವಳು ಬಸವಕಲ್ಯಾಣದ ಬಸ್ಸು ಹತ್ತಿದರೆ ರೊಟ್ಟಿ ಬಡಿಯುವ ಪಾಳಿ ವೈಜಿನಾಥನದು. ಅವನ ರೊಟ್ಟಿಗಳಿಗೆ ಒಂದು ಆಕಾರ ಅಂತ ಇರುತ್ತಿರಲಿಲ್ಲ. ಪೂನಂ ಅವುಗಳನ್ನು ಭೂಪಟಕ್ಕೆ ಹೋಲಿಸಿ, "ಇದು ಬೀದರ್ ಜಿಲ್ಲಾ, ಇದು ತೆಲಂಗಾಣ" ಎನ್ನುತ್ತ ಮುರಿದು ತಿನ್ನುತ್ತಿದ್ದಳು.

ಮೊದಲ ಕಥೆ ಮುಗಿದ ಸಂಜೆ ಒಂದು ತಮಾಷೆಯಾಯಿತು. ಕೊನೆಯ ಸಾಲು ಬರೆದವಳ ಕೈ ತಾನಾಗಿಯೇ ಕೆಳಗಿಳಿದು 'ಮಾಡಿದವರು: ಆಮ್ರಪಾಲಿ' ಎಂದು ಬರೆಯಿತು. 'ನೋಡಿದವರು' ಎಂದು ಬರೆದು ಅಲ್ಲಿಯೇ ನಿಂತಿತು. ನೋಡುವವರು ಯಾರು? ಗಂಡ ಮಾರುಕಟ್ಟೆಯಲ್ಲಿ, ಮಗಳು ಟ್ಯೂಷನ್ನಿನಲ್ಲಿ. ಹೊಸ್ತಿಲ ಬಳಿ ಅತ್ತೆ ಸೋನುಬಾಯಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ನಲವತ್ತು ವರ್ಷ ಕಂಡವರ ಹೊಲದಲ್ಲಿ ಕೂಲಿ ಮಾಡಿದ ಮುದುಕಿ, ಅಕ್ಷರ ಬಾರದು. ಆಮ್ರಪಾಲಿ ಪಕ್ಕದಲ್ಲಿ ಕೂತು ಕಥೆಯನ್ನು ಪೂರ್ತಿ ಓದಿ ಹೇಳಿ, ಪೂನಂಳ ನೀಲಿ ಇಂಕಿನ ಪ್ಯಾಡು ಮುಂದಿಟ್ಟಳು.

ಸೋನುಬಾಯಿ ಹೆಬ್ಬೆಟ್ಟು ಒತ್ತಿ, ಆ ನೀಲಿ ಗುರುತನ್ನು ಬಹಳ ಹೊತ್ತು ನೋಡಿದಳು. "ಎಷ್ಟ ಕಾಗದಕ್ಕ ಒತ್ತೀನಿ ಗೊತ್ತಿಲ್ಲವ್ವ. ಎಲ್ಲಾರೂ ಬೆರಳ ಹಿಡದು ಒತ್ತಿಸಿಕೊಂಡ್ರು. ಓದಿ ಹೇಳಿ ಒತ್ತಿಸಿಕೊಂಡಾಕಿ ನೀ ಒಬ್ಬಾಕಿನೇ ನೋಡು" ಎಂದಳು. ಅಂದಿನಿಂದ 'ನೋಡಿದವರು' ಎಂಬ ಹುದ್ದೆ ಸೋನುಬಾಯಿಗೆ ಖಾಯಂ ಆಯಿತು.

ಹುದ್ದೆ ಸಿಕ್ಕ ಮೇಲೆ ಮುದುಕಿ ಸುಮ್ಮನಿರುತ್ತಾಳೆಯೇ? ಎರಡನೆಯ ಕಥೆಯಲ್ಲಿ ಶ್ರಾವಣದಲ್ಲಿ ಬಿಳಿಜೋಳದ ತೆನೆಗಳು ತೂಗುತ್ತಿದ್ದವು. "ಶ್ರಾವಣದಾಗ ಬಿಳಿಜ್ವಾಳ ಇನ್ನಾ ಬಿತ್ತೇ ಇರಂಗಿಲ್ಲ, ತೆನಿ ಎಲ್ಲಿಂದ ತಂದಿ? ಗಲತ್ ಅದ" ಎಂದು ಪ್ಯಾಡಿನ ಮುಚ್ಚಳ ಹಾಕಿಬಿಟ್ಟಳು. ಆಮ್ರಪಾಲಿ ಒಂದು ಗೆರೆ ಎಳೆದು ಹೆಸರು ಕಾಳಿನ ಬಳ್ಳಿ ಬರೆದ ಮೇಲೆಯೇ ಹೆಬ್ಬೆಟ್ಟು ಬಿತ್ತು. ನನ್ನನ್ನು ಕೇಳಿದರೆ, ದೊಡ್ಡ ದೊಡ್ಡ ಲೇಖಕರಿಗೂ ಇಂಥ ಒಬ್ಬ ಅತ್ತೆ ಇದ್ದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಈ ಓದಿನಲ್ಲಿ ಆಮ್ರಪಾಲಿಗಿದ್ದ ಸಂಕಟ ಒಂದೇ. ಮೊದಲ ವರ್ಷದ ಪರೀಕ್ಷೆಯ ಹಾಲ್ ಟಿಕೆಟ್ ಅಂಚೆಯಲ್ಲಿ ಬರಬೇಕಾಗಿತ್ತು, ಬರಲಿಲ್ಲ. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದರೆ ಕಳಿಸಿದ್ದೇವೆ ಎಂದರು. ಇನ್ನೊಂದು ಪ್ರತಿ ತರಿಸುವಷ್ಟರಲ್ಲಿ ಪರೀಕ್ಷೆ ಮುಗಿದು ಹೋಗಿ, ಒಂದು ವರ್ಷ ಹಾಳಾಯಿತು. ಆಗ ಅವಳು ಅಂಚೆಯ ಸಿರಾಜುದ್ದೀನನನ್ನು ಓಣಿಯಲ್ಲಿ ನಿಲ್ಲಿಸಿ ಜಗಳ ತೆಗೆದಿದ್ದಳು. ಅವನು, "ಮುದುಕವ್ವನ ಕೈಯಾಗ ಕೊಟ್ಟೀನ್ರಿ ಬಾಯಿ" ಎಂದ. ಸೋನುಬಾಯಿ ಬಾಗಿಲಲ್ಲಿ ನಿಂತು, "ನನ್ನ ಕೈಯಾಗ ಯಾರೂ ಏನೂ ಕೊಟ್ಟಿಲ್ಲ" ಎಂದಳು. ಆಮ್ರಪಾಲಿ ಕೇಳಿದ್ದು ಒಂದೇ ಪ್ರಶ್ನೆ: "ತಗೊಂಡವರ ಸಹಿ ಎಲ್ಲಿ ಅದ? ತೋರಸ್ರಿ!" ಸಾದಾ ಅಂಚೆಗೆ ಯಾರು ಸಹಿ ಮಾಡಿಸಿಕೊಳ್ಳುತ್ತಾರೆ? ಸಹಿಯಿಲ್ಲ, ಅಂದ ಮೇಲೆ ಕೊಟ್ಟಿಲ್ಲ. ಕಂಪನಿಯ ಪದ್ಧತಿ ಅವಳ ಬಾಯಲ್ಲಿ ಹಾಗೆ ಮಾತಾಡಿತ್ತು.

ಅದೆಲ್ಲ ಆಗಿ ಮೂರು ವರ್ಷ ದಾಟಿತ್ತು. ಈಗ ಉಳಿದದ್ದು ಕೊನೆಯ ಕೆಲಸ, ಐದು ಕಥೆಗಳ ಸಂಪುಟ. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಈ ಭಾನುವಾರ ಕೊಡದಿದ್ದರೆ ನಾಲ್ಕು ವರ್ಷದ ಓದನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆಯಬೇಕು. ನಾಲ್ಕು ಕಥೆ ಓದಿದ ಮಾರ್ಗದರ್ಶಕರು, ಬಸವಕಲ್ಯಾಣದ ನಾಗನಾಥ ಸರ್, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದ್ದರು: "ಚೊಲೊ ಬರದೀರಿ. ಆದ್ರ ನಿಮ್ಮ ಕಥಿಯೊಳಗ ಎಲ್ಲಾರೂ ಒಳ್ಳೇವ್ರೇ ಇದ್ದಾರಲ್ಲ! ಯಾರಾದ್ರೂ ಯಾರಿಗಾದ್ರೂ ಅಡ್ಡ ನಿಲ್ಲಬೇಕು. ಐದನೇ ಕಥಿಯೊಳಗ ಸಂಘರ್ಷ ಇರ್ಲಿ."

"ಆತ್ರಿ ಸರ್" ಎಂದು ಬಸ್ಸು ಹತ್ತಿದ ಆಮ್ರಪಾಲಿ ಹುಮನಾಬಾದು ಮುಟ್ಟುವವರೆಗೂ ಸಂಘರ್ಷ ಹುಡುಕಿದಳು. ಗಂಡ ರೊಟ್ಟಿ ಬಡಿಯುತ್ತಾನೆ. ಮಗಳು ಕಾಗುಣಿತ ತಿದ್ದುತ್ತಾಳೆ. ಅತ್ತೆ ಹೆಬ್ಬೆಟ್ಟು ಒತ್ತುತ್ತಾಳೆ. ಇಂಥ ಮನೆಯಲ್ಲಿ ಸಂಘರ್ಷ ಎಲ್ಲಿಂದ ತರುವುದು? ಕೊನೆಗೆ ಕಲ್ಪಿಸಿಕೊಂಡಳು. ಓದಬೇಕೆಂಬ ಸೊಸೆ, ಓದು ಬೇಡವೆಂಬ ಅತ್ತೆ. ಸೊಸೆ ಕೆಲಸಕ್ಕೆ ಹೋದಾಗ ಅತ್ತೆ ಅವಳ ಮೂರು ಪುಸ್ತಕಗಳನ್ನು ಒಲೆಗೆ ಹಾಕಿ ಸುಡುತ್ತಾಳೆ. ಮೂರು ಸಂಜೆಯಲ್ಲಿ ಬರೆದು ಮುಗಿಸಿದಳು. ಬರೆಯುತ್ತ ಅವಳಿಗೇ ಭಯಂಕರ ಖುಷಿಯಾಯಿತು.

ಗುರುವಾರ ಸಂಜೆ ಹೊಸ್ತಿಲ ಬಳಿ ಕೂತು ಓದಿದಳು. ಪುಸ್ತಕ ಒಲೆಗೆ ಬೀಳುವಲ್ಲಿಗೆ ಬಂದಾಗ ಬೇಳೆ ಆರಿಸುತ್ತಿದ್ದ ಸೋನುಬಾಯಿಯ ಕೈ ನಿಂತಿತು. ಓದು ಮುಗಿದ ಮೇಲೆ ಪ್ಯಾಡನ್ನು ಮುಂದೆ ಸರಿಸಿದರೆ, ಮುದುಕಿ ಅದನ್ನು ಹಿಂದಕ್ಕೆ ಸರಿಸಿದಳು.

"ಇದಕ್ಕ ನಾ ಒತ್ತಂಗಿಲ್ಲ."

"ಯಾಕ್ರಿ ಅತ್ತಿ? ಇದು ನಿಮ್ಮ ಕಥಿ ಅಲ್ರಿ. ಕಟ್ಟಿದ್ದು. ಖಾಲಿ ಕಲ್ಪನಾ."

"ಏನರೆ ಇರ್ಲಿ. ಒತ್ತಂಗಿಲ್ಲಂದ್ರ ಒತ್ತಂಗಿಲ್ಲ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ವೈಜಿನಾಥ ರಾಜಿಗೆ ಬಂದ. "ಯವ್ವಾ, ಕಥಿಯೊಳಗ ಇರೋದು ಬ್ಯಾರೆ ಮುದುಕಿ. ನೀ ಅಲ್ಲ." ಸೋನುಬಾಯಿ ಹೊದಿಕೆ ಎಳೆದುಕೊಂಡು ಮಲಗಿದಳು. ಪೂನಂ, "ಅಜ್ಜಿ ಬದ್ಲಿಗೆ ನಾ ಸಹಿ ಹಾಕ್ತೀನಿ" ಎಂದಳು. ಹಾಗೆ ನೋಡಿದರೆ ವಿಶ್ವವಿದ್ಯಾಲಯಕ್ಕೆ ಈ ಹೆಬ್ಬೆಟ್ಟು ಬೇಕಾಗಿಯೇ ಇರಲಿಲ್ಲ. ಕೊಟ್ಟುಬಿಟ್ಟರೆ ಯಾರು ಕೇಳುತ್ತಿದ್ದರು? ಶುಕ್ರವಾರ ಬೆಳಿಗ್ಗೆ ಶಿಫ್ಟಿಗೆ ಹೊರಡುವ ಮುಂಚೆ ಆಮ್ರಪಾಲಿ ತನ್ನದೇ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡು ಕಥೆಯ ಕೊನೆಯ ಹಾಳೆಯ ಮೇಲೆ ಹಿಡಿದಳು. ಹಿಡಿದಳೇ ಹೊರತು ಒತ್ತಲಾಗಲಿಲ್ಲ. ಓದಿ ಹೇಳಿ ಒತ್ತಿಸಿಕೊಂಡಾಕಿ ನೀ ಒಬ್ಬಾಕಿನೇ ಎಂದಿದ್ದಳಲ್ಲ ಮುದುಕಿ! ಇಂಕು ತಿಕ್ಕಿದರೂ ಹೋಗದೆ, ದಿನವಿಡೀ ಕೈಗವಸಿನೊಳಗೆ ನೀಲಿ ಬೆರಳು ಇಟ್ಟುಕೊಂಡು ಕೆಲಸ ಮಾಡಿದಳು.

ಮಧ್ಯಾಹ್ನ ಮನೆಗೆ ಬಂದರೆ ಸೋನುಬಾಯಿ ಮುಟ್ಟದ ರೊಟ್ಟಿ ತಾಟಿನಲ್ಲಿಯೇ ಒಣಗಿತ್ತು. ಮುದುಕಿ ಬಾಬಾಸಾಹೇಬರ ಫೋಟೊದ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಚಪ್ಪಲಿ ಬಿಡುವುದನ್ನೇ ಕಾದು ಕೇಳಿದಳು:

"ನಿನಗ ಯಾರು ಹೇಳಿದ್ರು?"

"ಏನ್ರಿ?"

"ಒಲಿಯಾಗ ಹಾಕಿದ್ದು. ಮೂರು ಪುಸ್ತಕ ಅಲ್ಲ ಅದು. ಒಂದು ಲಕೋಟಿ."

ಆಮ್ರಪಾಲಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ, "ಹಾಲ್ ಟಿಕೆಟ್ಟೇನ್ರಿ?" ಎಂದಳು. ಸೋನುಬಾಯಿ ತಲೆಯೆತ್ತದೆ ಎಲ್ಲವನ್ನೂ ಹೇಳಿದಳು. ಓಣಿಯಲ್ಲಿ ಯಾರೋ ಅಂದಿದ್ದರಂತೆ, ಎಂ.ಎ. ಆದ ಮೇಲೆ ನಿನ್ನ ಸೊಸೆಗೆ ದೂರದ ಊರಲ್ಲಿ ನೌಕರಿ ಆಗುತ್ತದೆ, ಮಗ ಮೊಮ್ಮಗಳನ್ನು ಕಟ್ಟಿಕೊಂಡು ಹೋಗುತ್ತಾಳೆ ಅಂತ. ಅದೇ ವಾರ ಸಿರಾಜುದ್ದೀನ ಬಂದು ದೊಡ್ಡ ಮುದ್ರೆಯ ಲಕೋಟೆ ಕೊಟ್ಟ. "ನೌಕರಿ ಕಾಗದ ಅಂತ ತಿಳಕೊಂಡೆ. ಪರೀಕ್ಷಾದ್ದು ಅಂತ ಆಮ್ಯಾಲ ಗೊತ್ತಾತು. ಅಷ್ಟೊತ್ತಿಗೆ ಬೂದಿ ಆಗಿತ್ತು. ನೀ ಈಗ ಒಲಿ ಅಂತ ಓದಿದ್ಯಲ್ಲ, ನಿನಗ ಮಾಲುಮ್ ಆಗಿ ನನಗ ಚುಚ್ಚಾಕತ್ತಿ ಅಂತ..."

"ಒಂದು ವರ್ಷ, ಅತ್ತಿ. ನಂದು ಒಂದು ವರ್ಷ" ಎಂದಳು ಆಮ್ರಪಾಲಿ. ಮುಂದೆ ಮಾತಾಡಿದರೆ ಏನು ಬಾಯಿಂದ ಬೀಳುತ್ತದೋ ಎಂದು ಹೊರಗೆ ಹೋಗಿ ಓಣಿಯ ನಲ್ಲಿಯ ಹತ್ತಿರ ನಿಂತಳು. ಮೂರು ಬಿಂದಿಗೆ ತುಂಬುವಷ್ಟು ಹೊತ್ತು ನಿಂತಿರಬೇಕು. ಒಳಗೆ ಬಂದು ಯಾರೊಡನೆಯೂ ಮಾತಿಲ್ಲದೆ ರೊಟ್ಟಿ ಬಡಿದಳು. ಆ ದಿನದ ರೊಟ್ಟಿ ಬಡಿದ ಸಪ್ಪಳ ಪಕ್ಕದ ಮನೆಗೂ ಕೇಳಿಸಿತು.

ಎಲ್ಲರೂ ತಟ್ಟೆ ಮುಂದಿಟ್ಟುಕೊಂಡಾಗ ಸೋನುಬಾಯಿಯೇ ಬಾಯಿ ಬಿಟ್ಟಳು. "ಅದನ್ನ ಬರಿ. ನಾ ಮಾಡಿದ್ದು ಬರಿ. ಅದಕ್ಕ ಒತ್ತತೀನಿ."

ಶನಿವಾರ ಆಮ್ರಪಾಲಿ ರಜೆ ಹಾಕಿದಳು. ಬೆಳಿಗ್ಗೆ ಕಟ್ಟೆ ಒರೆಸಿ ಕೂತವಳು ಹನ್ನೊಂದರ ಹೊತ್ತಿಗೆ ಏಳು ಹಾಳೆ ಬರೆದಿದ್ದಳು. ಲಕೋಟೆ, ಮುದುಕಿಯ ಹೆದರಿಕೆ, ಒಲೆ, ಬೂದಿ, ಪರೀಕ್ಷೆ ತಪ್ಪಿದ ಸೊಸೆಯ ಅಳು. ಬರೆಯುತ್ತ ಬರೆಯುತ್ತ ಸಿಟ್ಟು ಇಳಿದು, ಮಗ ಸೊಸೆ ಬಿಟ್ಟುಹೋಗುತ್ತಾರೆಂದು ಒಲೆಯ ಮುಂದೆ ಒಬ್ಬಳೇ ಕೂತ ಆ ಮುದುಕಿಯ ಮೇಲೆ ಮರುಕ ಹುಟ್ಟಿತು. ಸೋನುಬಾಯಿ ಪೂರ್ತಿ ಕೇಳಿದಳು. ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಬೆರಳು ಪ್ಯಾಡಿಗೆ ಹೋಗಲಿಲ್ಲ.

"ನಂದು ಪೂರಾ ಅದ. ನಿಂದು ಎಲ್ಲಿ ಅದ?"

"ನಂದು ಏನ್ರಿ?"

"ಆ ಟಪಾಲ ಭಾಯ್‌ಗ ಬೈದಿದ್ದು. ಇಡೀ ಓಣಿ ಕೂಡಿತ್ತು."

ಆಮ್ರಪಾಲಿಯ ಮುಖ ಸಣ್ಣದಾಯಿತು. ಅದು ಅವಳ ನೆನಪಿಗೆ ಬಂದಿರಲಿಲ್ಲ ಅನ್ನುವುದು ಸುಳ್ಳು. ಬಂದಿತ್ತು, ದಾಟಿಸಿ ಬರೆದಿದ್ದಳು. ಕಂಪನಿಯಲ್ಲಿ ಯಾವ ಹುಡುಗಿಯಾದರೂ ಹೀಗೆ ಮಾಡಿದ್ದರೆ ಅರ್ಧ ದಿನ ಪಾಠ ಹೇಳುತ್ತಿದ್ದಳು. ಸುಮ್ಮನೆ ಎದ್ದು ಹೋಗಿ ಇನ್ನೊಂದೂವರೆ ಹಾಳೆ ಬರೆದಳು. ಸೊಸೆ ಅಂಚೆಯವನನ್ನು ನಿಲ್ಲಿಸಿದ್ದು, ಸಹಿ ಕೇಳಿದ್ದು, 'ಸುಳ್ಳ' ಅಂದದ್ದು. ಕೊನೆಗೆ ಅಂಚೆಯವನು ನಕ್ಕು ಸೈಕಲ್ ಹತ್ತಿ ಹೋದ ಎಂದು ಮುಗಿಸಿದಳು. ಅವಳ ನೆನಪಿನಲ್ಲಿ ಅವನು ನಕ್ಕಿದ್ದ.

ಸೋನುಬಾಯಿ ಈಗ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡಳು. ಏಳನೆಯ ಹಾಳೆಯ ಕೆಳಗೆ ಒತ್ತಿದಳು. "ಇಲ್ಲೀತನ ನಾ ನೋಡೀನಿ. ಇದರ ಮುಂದ ನೋಡಿಲ್ಲ. ಸುಳ್ಳು ಹೇಳಿ ನಾ ಒಳಗ ಓಡಿದ್ದೆ. ಮುಂದಿಂದು ನೋಡ್ದವ ಅವನೇ. ಅವನ ದಸ್ಕತ್ತು ತಗೋ."

ಪದ್ಧತಿ ಆಮ್ರಪಾಲಿಯದೇ. ಹಾಳೆಗಳನ್ನು ಮಡಿಚದೆ ರಟ್ಟಿನ ನಡುವೆ ಇಟ್ಟುಕೊಂಡು, ಅತ್ತೆಯ ಕೈ ಹಿಡಿದು, ಮಧ್ಯಾಹ್ನದ ಬಿಸಿಲಲ್ಲಿ ಊರಿನ ಆಚೆ ಬದಿಗೆ ನಡೆದಳು. ಸಿರಾಜುದ್ದೀನ ಆ ಜಗಳದ ಮರುವಾರವೇ ತಾನಾಗಿ ಕೇಳಿಕೊಂಡು ಬೇರೆ ಓಣಿಗಳ ಬೀಟಿಗೆ ಹೋಗಿದ್ದ. ಆಮೇಲೆ ಅವರ ಓಣಿಗೆ ಕಾಲಿಟ್ಟಿರಲಿಲ್ಲ. ದಾರಿಯಲ್ಲಿ ಇಬ್ಬರೂ ಒಂದೇ ಒಂದು ಮಾತಾಡಿಕೊಂಡರು. "ನೀರ ಕುಡೀತೀರೇನ್ರಿ?" "ಬ್ಯಾಡ."

ಸಿರಾಜುದ್ದೀನ ಊಟ ಮುಗಿಸಿ ಬನಿಯನ್ನಿನಲ್ಲಿಯೇ ಕಟ್ಟೆಯ ಮೇಲೆ ಕೂತಿದ್ದ. ಇವರನ್ನು ಕಂಡು ಗಡಬಡಿಸಿ ಎದ್ದು ಅಂಗಿ ಹಾಕಿಕೊಂಡು ಬಂದ. ಆಮ್ರಪಾಲಿ ಬಾಯಿ ತೆರೆಯುವ ಮೊದಲೇ ಸೋನುಬಾಯಿ ನಿಂತಲ್ಲಿಯೇ ಹೇಳಿಬಿಟ್ಟಳು: "ಭಾಯ್, ಆ ಲಕೋಟಿ ನೀ ಕೊಟ್ಟಿದ್ದಿ. ನಾನೇ ಸುಟ್ಟೆ. ಸುಳ್ಳು ಹೇಳಿದೆ."

"ನಾ ನಿಮಗ ಬೈದೆ. ತಪ್ಪಾತ್ರಿ ಭಾಯ್" ಎಂದಳು ಆಮ್ರಪಾಲಿ. ಅಷ್ಟು ಹೇಳಲು ಅವಳಿಗೆ ಉಸಿರೆಲ್ಲ ಬೇಕಾಯಿತು.

ಸಿರಾಜುದ್ದೀನ ಕೂರಲು ಚಾಪೆ ಹಾಸಿದ. ಅವನ ಹೆಂಡತಿ ಕುಲ್ಸುಮ್ ಬೀ ಒಳಗಿನಿಂದ ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಬಂದ ಕಾರಣ ಹೇಳಿ ಆಮ್ರಪಾಲಿ ಕಥೆ ಓದಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಕೊನೆಯ ಸಾಲಿಗೆ ಕಣ್ಣು ಬಿಟ್ಟ.

"ನಾ ನಕ್ಕಿಲ್ಲ್ರಿ ಬಾಯಿ."

"ಮತ್ತ?"

"ಹ್ಯಾಂಗ ನಗ್ತೀನ್ರಿ? ಮನಿಗೆ ಬಂದು ಚೀಲ ಉಲ್ಟಾ ಮಾಡಿ ಝಾಡಿಸಿದೆ. ನೀವು ಅಷ್ಟು ಖಾತ್ರಿಲೆ ಅಂದ್ರಲ್ಲ, ನಾನೇ ಕೊಟ್ಟಿಲ್ಲೇನೋ, ಎಲ್ಲ್ಯಾರೆ ಬೀಳಿಸಿನೇನೋ ಅನ್ನಿಸ್ತು. ಬಂದ ದಾರಿಯೆಲ್ಲ ಎರಡು ಸಲ ಹುಡುಕಿದೆ. ಮೂವತ್ತೊಂದು ವರ್ಷ ಟಪಾಲು ಹಂಚೀನಿ. ಅವತ್ತಿಂದ ಪ್ರತಿ ಮನಿ ಮುಂದ ನಿಂತು, ಕೊಟ್ಟೆನೋ ಇಲ್ಲೋ ಅಂತ ಹೊಳ್ಳಿ ನೋಡ್ತೀನಿ."

ಆಮ್ರಪಾಲಿ 'ನಕ್ಕು ಸೈಕಲ್ ಹತ್ತಿ ಹೋದ' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದಳು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ಹಿಡಿದು ಬರೆಯಬೇಕಾಯಿತು. ಮರುದಿನ ಬಸವಕಲ್ಯಾಣದಲ್ಲಿ ನಾಗನಾಥ ಸರ್ ಆ ಹಾಳೆಯನ್ನು ಎರಡು ಸಲ ಓದಿ, ಸಂಘರ್ಷದ ಮಾತೇ ಎತ್ತದೆ, "ಟೈಪ್ ಮಾಡಿಸುವಾಗ ಗೆರಿ ಎಳದ ಈ ಒಂದು ಸಾಲು ಮುಟ್ಟಬ್ಯಾಡ್ರಿ" ಎಂದು ಸಂಪುಟ ತೆಗೆದುಕೊಂಡರು. ಅದು ಮರುದಿನದ ಮಾತು.

ಈಗ ಸಿರಾಜುದ್ದೀನ ಪೆನ್ನು ಕೈಗೆ ತೆಗೆದುಕೊಂಡವನು ಸಹಿ ಮಾಡದೆ ಹಾಗೆಯೇ ಕೂತ. ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗಿದ.

"ಕುಲ್ಸುಮ್, ಸುನೀ? ಮೈ ದಿಯಾ ಥಾ!" ಎಂದ. ಆಮೇಲೆ ಸೋನುಬಾಯಿಯ ಕಡೆ ತಿರುಗಿ, "ನಾ ಕೊಟ್ಟಿದ್ದೆ ಅಲ್ರಿ?"

"ಕೊಟ್ಟಿದ್ದಿ ಭಾಯ್. ನನ್ನ ಕೈಯಾಗೇ ಕೊಟ್ಟಿದ್ದಿ."

ಐವತ್ತೆಂಟು ವರ್ಷದ ಆ ಮನುಷ್ಯನ ಮುಖ ಅರಳಿತು. ಕುಲ್ಸುಮ್ ಬೀ ನಗುತ್ತ ಚಹಾಕ್ಕಿಡಲು ಒಳಗೆ ಹೋದಳು. ಅವನು ಪೂರ್ತಿ ಹೆಸರು ಬರೆದು, ಕೆಳಗೆ ತಾರೀಖು ಹಾಕಿ, ಹಾಳೆಗಳನ್ನು ಆಮ್ರಪಾಲಿಯ ಕೈಗೆ ಕೊಟ್ಟ.

"ಬಾಯಿ, ಇನ್ನೊಂದು ಸಲ ಓದ್ತೀರೇನ್ರಿ? ಪೂರಾ ಬ್ಯಾಡ. ನಾ ಬಾಗಿಲಕ್ಕ ಬಂದು ಲಕೋಟಿ ಕೊಡ್ತೀನಲ್ಲ, ಅಷ್ಟು ಸಾಕು."

ಆಮ್ರಪಾಲಿ ಎರಡನೆಯ ಹಾಳೆ ತೆಗೆದು ಅಲ್ಲಿಂದ ಓದಿದಳು.